ಹಣೆ ತಗ್ಗಿದ ಫಟಫಟಿ

ಈ ಶ್ರಾವಣಕ್ಕೆ ನಮ್ಮ ಯಜಮಾನರು ಹೋಗಿ ಒಂದು ವರ್ಷವಾಗುತ್ತದೆ. ಮಾತಾಡಿಸಲು ಬಂದವರೆಲ್ಲ ಅವರು ಬಸ್ಸು ನಡೆಸುತ್ತಿದ್ದ ಕಾಲವನ್ನೇ ನೆನೆಯುತ್ತಾರೆ. ಬಸ್ಸಿನ ಮೇಲೆ ಅವರಿಗೆ ಮನಸ್ಸಿರಲಿಲ್ಲ. ಮನಸ್ಸಿದ್ದದ್ದು ಒಂದು ಫಟಫಟಿಯ, ಅಂದರೆ ಮೋಟಾರ್ ಸೈಕಲ್ಲಿನ ಮೇಲೆ. ನಮ್ಮ ಮನೆಗೆ ಬಂದದ್ದರ ಮೇಲಲ್ಲ, ಅದರ ಪಕ್ಕದಲ್ಲಿ ನಿಂತಿದ್ದ ಇನ್ನೊಂದರ ಮೇಲೆ.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಯುದ್ಧದ ಕಾಲಕ್ಕೆ ಅವರು ದಂಡಿಗೆ ಸೇರಿ, ಫಟಫಟಿಯ ಮೇಲೆ ಟಪಾಲು ಮುಟ್ಟಿಸುವ ಕೆಲಸ ಮಾಡಿ ನಮ್ಮೂರು ಡೋಣಿಗೆ ತಿರುಗಿ ಬಂದಿದ್ದರು. ಹೊಲ ನೋಡಿಕೊಳ್ಳಲು ಮಾವನವರಿದ್ದರು. ಇವರ ತಲೆಯಲ್ಲಿ ಬೇರೆ ಕೆಲಸವಿತ್ತು. ಸಂಸ್ಥಾನಗಳು ವಿಲೀನವಾಗಿ ಲಕ್ಷ್ಮೇಶ್ವರ, ಶಿರಹಟ್ಟಿಯ ದಾರಿಯ ಸುಂಕದ ನಾಕಾಗಳು ಎದ್ದುಹೋಗಿದ್ದವು. ರೈತರು ಹತ್ತಿಯ ಚಕ್ಕಡಿ ಹೂಡುವ ಮೊದಲೇ ಅದರ ನಮೂನೆಯನ್ನು ಗದಗಿನ ದಲಾಲಿ ಅಂಗಡಿಗಳಿಗೆ ತೋರಿಸಿ, ದರ ಕೇಳಿಕೊಂಡು ಬಂದು ಹೇಳಿದರೆ ಇಬ್ಬರಿಗೂ ಅನುಕೂಲ. ಮೊದಲು ಮುಟ್ಟಿದವನಿಗೆ ಕೆಲಸ. ಅದಕ್ಕೆ ಗಟ್ಟಿಯಾದ ಗಾಡಿ ಬೇಕಿತ್ತು.

ಬೆಟಗೇರಿಯಲ್ಲಿ ನನ್ನ ತವರುಮನೆಯ ಎದುರಿಗೆ ಹತ್ತಿ ಹಿಂಜುವ ಗಿರಣಿ. ಅದರ ಸಾಹುಕಾರರು ದಂಡಿನವರ ಹರಾಜಿನಲ್ಲಿ ಎರಡು ಫಟಫಟಿ ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಎರಡೂ ಒಂದೇ ಜಾತಿಯವು. ಉದ್ದನೆಯ, ತಗ್ಗಿನ, ಭಾರದ ಗಾಡಿಗಳು. ಅಗಲವಾದ ಆಸನ, ಕೋಡಿನಂತೆ ಹಿಂದಕ್ಕೆ ಬಾಗಿದ ಹಿಡಿಕೆಗಳು. ಒಂದಕ್ಕೆ ಮುಂದಿನ ದೀಪದ ಮೇಲೆ ಪೆಟ್ಟು ಬಿದ್ದು ತಗ್ಗಾಗಿತ್ತು. ಹೊರಗಿನಿಂದ ನೋಡುವವರಿಗೆ ಅಷ್ಟೇ ವ್ಯತ್ಯಾಸ.

ನಾನು ಆಗ ತವರಲ್ಲಿದ್ದೆ. ಇವರು ಮುಂಚಿತವಾಗಿ ಬಂದು ಎರಡನ್ನೂ ನಡೆಸಿ ನೋಡಿ, ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತ ಹೇಳಿದರು.

"ತಗ್ಗ ಬಿದ್ದದ್ದ ಛಲೋ ಐತಿ. ಇನ್ನೊಂದರ ಎದಿಯೊಳಗ ಸಪ್ಪಳ ಐತಿ. ಏರಿಗೆ ಹತ್ತಿದ್ರ ಕಾಯತೈತಿ."

"ಮಾವಾರಿಗೆ ಹೇಳೀರೇನು?"

"ಅಪ್ಪಗ ಫಟಫಟಿ ಏನ ಗೊತ್ತು? ಅಂವ ಬರೂದು ರೊಕ್ಕಾ ಕೊಡಾಕ. ಆರಿಸಾಂವ ನಾನಽ ಅಲ್ಲೇನು?"

ಅವರ ಲೆಕ್ಕ ತಪ್ಪಿದ್ದು ಅಲ್ಲಿ. ಮಾವನವರಿಗೆ ಫಟಫಟಿ ಗೊತ್ತಿರಲಿಲ್ಲ, ನಿಜ. ಆದರೆ ಎತ್ತು ಗೊತ್ತಿತ್ತು. ಸುತ್ತಲಿನ ಊರಿನವರು ಎತ್ತು ಕೊಳ್ಳುವಾಗ ಅವರನ್ನು ಕರೆದುಕೊಂಡು ಹೋಗುತ್ತಿದ್ದರು.

ಮರುದಿನ ನಾನೂ ನನ್ನ ಅವ್ವನೂ ಕಿಟಕಿಯಲ್ಲಿ ನಿಂತಿದ್ದೆವು. ಮಾವನವರು ಬಂದವರೇ ಎರಡು ಗಾಡಿಗಳ ಸುತ್ತ ಪ್ರದಕ್ಷಿಣೆ ಹಾಕಿದಂತೆ ಸುತ್ತಿದರು. ಹಿಡಿಕೆಗಳನ್ನು ಹಿಡಿದು ಅಲುಗಾಡಿಸಿದರು. ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಗೊರಸು ನೋಡುವಂತೆ ನೋಡಿದರು. ಆಸನದ ಮೇಲೆ ಅಂಗೈ ಇಟ್ಟು ಒತ್ತಿದರು.

"ಯಜಮಾನ್ರ, ಹಲ್ಲು ಎಣಿಸಬ್ಯಾಡ್ರಿ ಮತ್ತ, ಇದಕ್ಕ ಹಲ್ಲಿಲ್ಲ," ಎಂದರು ಸಾಹುಕಾರರು. ಗಿರಣಿಯ ಆಳುಗಳೆಲ್ಲ ನಕ್ಕರು.

ಮಾವನವರೂ ನಕ್ಕರು. "ಹಲ್ಲಿಲ್ಲದ್ದು ಛಲೋ ಆತು ಬಿಡ್ರಿ, ಮೇವು ಉಳೀತು." ನಂತರ ಪೆಟ್ಟು ಬಿದ್ದ ದೀಪದ ಮುಂದೆ ನಿಂತು, ತಗ್ಗಿನಲ್ಲಿ ಬೆರಳಿಟ್ಟರು. "ಇದು ಬ್ಯಾಡ್ರಿ. ಹಣಿಮ್ಯಾಲೆ ಕೆಟ್ಟ ಸುಳಿ ಇದ್ದಾಂಗ ಐತಿ. ಮನಿಗೆ ಆಗಿ ಬರೂದಿಲ್ಲ. ನಮಗ ಆ ಕಡೀದು."

ನಮ್ಮ ಕಡೆ ಕೊಳ್ಳುವವರಿಗೆ ಒಂದೇ ಬಾಯಿ. ಹತ್ತು ಮಂದಿ ಹೋಗಿದ್ದರೂ ಹಿರಿಯನೊಬ್ಬ ಮಾತಾಡಬೇಕು. ಅವನು ಬೇಕು ಎಂದ ಮೇಲೆ, ಮಾರುವವನ ಎದುರಿಗೆ ಬೇರೆಯವರು ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಆ ಹಿರಿಯನನ್ನು ಮುಂದೆ ಯಾರೂ ವ್ಯಾಪಾರಕ್ಕೆ ಕರೆಯುವುದಿಲ್ಲ.

ಇವರು ಒಮ್ಮೆ ನಮ್ಮ ಕಿಟಕಿಯ ಕಡೆ ನೋಡಿದರು. ಅವ್ವ ನನ್ನ ಕಿವಿಯಲ್ಲಿ, "ಅಯ್ಯ, ಅಳಿಯ ಒಂದ ಮಾತರೆ ಹೇಳಬಾರದ?" ಎಂದಳು. ಅಷ್ಟರಲ್ಲಿ ಮಾವನವರು ಮಗನ ಕಡೆ ತಿರುಗಿದ್ದರು.

"ಏನ ತಮ್ಮಾ, ಆತಿಲ್ಲೋ?"

"ಆತಪಾ," ಎಂದರು.

ಗಾಡಿಯ ಎದೆಯ ಸಪ್ಪಳ ಅವರು ಹೇಳಿದಂತೆಯೇ ಹೊರಬಿತ್ತು. ಬಯಲಲ್ಲಿ ಸುಮ್ಮನೆ ಓಡುವುದು, ಕಪ್ಪತಗುಡ್ಡದ ಏರಿಗೆ ಬಂತೆಂದರೆ ಎಂಜಿನ್ ಕಾದು ನಿಂತುಬಿಡುವುದು. ಬಿಚ್ಚಿ ಕಟ್ಟಿ, ತೊಳೆದು, ಹೇಗೋ ನಡೆಸಿಕೊಂಡು ಬರುತ್ತಿದ್ದರು. ತಗ್ಗು ಬಿದ್ದದ್ದನ್ನು ಕೊಂಡವನು ಲಕ್ಷ್ಮೇಶ್ವರದ ಒಬ್ಬ ವ್ಯಾಪಾರಿಯ ಮಗ. ಅವನೂ ಇದೇ ನಮೂನೆಯ ಕೆಲಸಕ್ಕೆ ಇಳಿದ. ದಾರಿಯಲ್ಲಿ ಇವರು ಕೈಯೆಲ್ಲ ಎಣ್ಣೆ ಮಾಡಿಕೊಂಡು ಕೂತಿರುವಾಗ ಅವನು ಗಾಡಿ ನಿಧಾನ ಮಾಡಿ, "ಯಾಕ್ರಿ, ಎತ್ತು ಮಲಗೇತೇನು? ಹುಲ್ಲು ತರ್ಲೇನ್ರಿ?" ಎಂದು ಕೇಳಿ ಹೋಗುತ್ತಿದ್ದನಂತೆ. ಇದನ್ನು ಇವರೇ ನಗುತ್ತ ಹೇಳುತ್ತಿದ್ದರು, ಆದರೆ ಮಾವನವರು ಮನೆಯಲ್ಲಿ ಇಲ್ಲದಾಗ ಮಾತ್ರ.

ಮಾವನವರಿಗೆ ಆ ಗಾಡಿಯ ಮೇಲೆ ಬಲು ಪ್ರೀತಿ. ಸೋಮವಾರ ಅದಕ್ಕೂ ವಿಭೂತಿ ಹಚ್ಚುತ್ತಿದ್ದರು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದು ಉಳಿದದ್ದನ್ನು ಅದರ ಹಿಡಿಕೆಗೆ ಬಳಿದರು. ಬಣ್ಣ ಒಣಗುವವರೆಗೆ ಗಾಡಿ ಮುಟ್ಟಬೇಡವೆಂದು ಇವರನ್ನು ಅರ್ಧ ದಿನ ಮನೆಯಲ್ಲಿ ಕೂರಿಸಿದ್ದರು. ಇವರು ಕೂತರು.

ಹೀಗೆ ನಡೆದು, ಹತ್ತಿಯ ಕೆಲಸ ಮೆಲ್ಲಗೆ ಆ ಲಕ್ಷ್ಮೇಶ್ವರದವನ ಕೈಗೆ ಹೋಯಿತು. ಮಗನ ಮನಸ್ಸಿದ್ದದ್ದು ಇನ್ನೊಂದು ಗಾಡಿಯ ಮೇಲೆಂದು ಮಾವನವರಿಗೆ ಯಾವಾಗ ತಿಳಿಯಿತೋ, ಯಾರು ಹೇಳಿದರೋ. ಒಂದು ಸುಗ್ಗಿಯಿಂದ ವಿಭೂತಿ ಹಚ್ಚುವುದನ್ನು ಬಿಟ್ಟರು. ಯಾರಾದರೂ ಎತ್ತು ನೋಡಲು ಕರೆದರೆ ಮೊಣಕಾಲು ನೋವು ಅನ್ನತೊಡಗಿದರು.

ಕನ್ನಡ ನಾಡು ಒಂದಾದ ವರ್ಷ ಲಕ್ಷ್ಮೇಶ್ವರದವನು ಲಾರಿ ತೆಗೆದುಕೊಂಡ. ತನ್ನ ಫಟಫಟಿ ಬೇಕಾದರೆ ಕೊಡುತ್ತೇನೆಂದು ಹೇಳಿ ಕಳಿಸಿದ. ಮಾವನವರು ಇವರನ್ನು ಕರೆದರು.

"ಹೋಗಿ ನೋಡಿ ಬಾ. ನಾ ಬರೂದಿಲ್ಲ. ನೀನಽ ಆರಿಸು. ನೀ ಹೇಳಿದ್ದಽ ಖರೆ."

"ಬಾರಪಾ, ಬಸ್ಸಿನ್ಯಾಗ ಹೋಗಿ ಬರೂಣು."

"ಬ್ಯಾಡೋ. ನಾ ಬಂದ್ರ ಮತ್ತ ಹಣಿ ನೋಡೇನು."

ಇವರು ಒಬ್ಬರೇ ಹೋದರು. ಸಂಜೆಗೆ ಬಸ್ಸಿನಲ್ಲೇ ತಿರುಗಿ ಬಂದರು. ಮಾವನವರು ಅಂಗಳದಲ್ಲೇ ಕಾಯುತ್ತಿದ್ದರು.

"ತರಲಿಲ್ಲೇನೋ?"

"ಇಲ್ಲಪಾ. ಈಗ ಅದರ ಎದಿಯೊಳಗೂ ಸಪ್ಪಳ ಐತಿ."

ಮಗ ತನ್ನ ಮೇಲಿನ ಸಿಟ್ಟಿಗೆ ಬೇಕೆಂದೇ ಬಿಟ್ಟು ಬಂದ ಎಂದು ಮಾವನವರು ತಿಳಿದರು. ಅದನ್ನು ಅತ್ತೆಯವರ ಮುಂದೆ ಹೇಳಿಯೂ ಹೇಳಿದರು. ಇವರ ಮುಂದೆ ಹೇಳಲಿಲ್ಲ. ಇವರು ಗದಗಿನಲ್ಲಿ ಬಸ್ಸಿನ ಕೆಲಸಕ್ಕೆ ಸೇರಿದರು. ಮರುವರ್ಷ ಮಾವನವರು ತೀರಿಕೊಂಡರು.

ಕಳೆದ ವರ್ಷ ಇವರು ಹಾಸಿಗೆ ಹಿಡಿದಾಗ ನಾನು ಕೇಳಿದೆ, "ಆ ಗಾಡಿಯೊಳಗ ಖರೇನ ಸಪ್ಪಳ ಇತ್ತೇನ್ರಿ?"

"ಇತ್ತು. ಭಾಳ ಇರಲಿಲ್ಲ. ರಿಪೇರಿ ಆಗತಿತ್ತು." ಹೊದಿಕೆ ಸರಿಸಿಕೊಂಡು, "ಅಪ್ಪ ಬಂದಿದ್ರ ತರತಿದ್ದೆ. ಅಂವಗ ಬರೂ ಮನಸ್ಸಿರಲಿಲ್ಲ," ಎಂದರು.

ಮನಸ್ಸಿತ್ತು. ಅಂದು ಇವರು ಬಸ್ಸಿಗೆಂದು ಹೊರಬಿದ್ದ ಮೇಲೆ ಮಾವನವರು ಒಳಗೆ ಬಂದು, ಗೂಟದ ಮೇಲಿನ ರುಮಾಲು ತೆಗೆದು ತಲೆಗೆ ಸುತ್ತಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗಿದ್ದರು. ಬಸ್ಸಿನ ಹಾರನ್ ಕೇಳುವವರೆಗೆ ಅಲ್ಲೇ ನಿಂತರು. ಆಮೇಲೆ ರುಮಾಲು ಬಿಚ್ಚಿದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ನೋಡಿದ್ದೆ. ಅದು ಹೇಳುವಂಥ ಮಾತೆಂದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಅದನ್ನು ಹೇಳಿದೆ. ಇವರು ನನ್ನ ಕಡೆ ಹೊರಳಿ ಮಲಗಿದರು.

"ಯಾವ ರುಮಾಲು?"

"ಸಂತಿಗೆ ಹೋಗೂವಾಗ ಸುತ್ತತಿದ್ರಲ್ಲ, ಅದು."

"ಬಾಗಲತನಾ ಬಂದಿದ್ನೇನು?"

"ಬಂದಿದ್ರು."

ಆಮೇಲಿನ ದಿನಗಳಲ್ಲಿ ಅವರಿಗೆ ಎಚ್ಚರ ಕಡಿಮೆಯಾಗುತ್ತ ಬಂತು. ಎಚ್ಚರವಾದಾಗಲೆಲ್ಲ ಮತ್ತೆ ಅದನ್ನೇ ಕೇಳುತ್ತಿದ್ದರು. ನಾನು ಬಾಗಿಲು, ಚಪ್ಪಲಿ, ರುಮಾಲು ಎಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದೆ. ಕೊನೆಗೆ ರುಮಾಲು ಬಿಚ್ಚಿಟ್ಟದ್ದನ್ನು ಮಾತ್ರ ಬರಬರುತ್ತ ಹೇಳುವುದು ಬಿಟ್ಟೆ.