ಶಿಗ್ಗಾಂವಿಯ ಮಿರ್ಚಿ ಮತ್ತು ಹತ್ತನೆಯ ಗಣಿತ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಕಣ್ಣಾರೆ ಕಂಡವನ ಸಾಕ್ಷಿಯನ್ನೂ ಕೆದಕಿ ನೋಡಿಯೇ ಒಪ್ಪಬೇಕೆಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಕಲಿಸಿದ್ದರು. ಆ ಪಾಠವನ್ನು ಶಾಸನಗಳಿಗೆ, ಪತ್ರಿಕೆಗಳಿಗೆ, ಮದುವೆ ಮನೆಯಲ್ಲಿ ಹಳೆಯ ಕತೆ ಹೇಳುವ ಹಿರಿಯರಿಗೆ, ಎಲ್ಲರಿಗೂ ಅನ್ವಯಿಸುತ್ತ ಬಂದಿದ್ದೇನೆ. ವೇಳಾಪಟ್ಟಿ ಬರೆಯುವ ದಿನ ಮಾತ್ರ ಮರೆತೆ.

ಹಾನಗಲ್ ಸೀಮೆಯ ಒಂದು ಹೈಸ್ಕೂಲಿಗೆ ನಾನು ಮುಖ್ಯೋಪಾಧ್ಯಾಯ. ಇರುವ ಕೆಲವೇ ಶಿಕ್ಷಕರೆಂಬ ಗಿಡ್ಡ ಕೌದಿಯೊಂದನ್ನು ಮನೆಮಂದಿಗೆಲ್ಲ ಹೊದಿಸುವುದು ನನ್ನ ಉದ್ಯೋಗ. ಬೆನ್ನಿಗೆಳೆದರೆ ಕಾಲು ಬಯಲು. ನಮ್ಮಲ್ಲಿ ವಿಜ್ಞಾನ ಕಲಿಸುವವರು ಪಿ.ಟಿ. ಮಾಸ್ತರ್ ಬಸವರಾಜ. ವಿದ್ಯುತ್ತಿನ ಪಾಠಕ್ಕೆ ಮಕ್ಕಳನ್ನು ಮೈದಾನದಲ್ಲಿ ದುಂಡಗೆ ನಿಲ್ಲಿಸಿ, ಚೆಂಡನ್ನು ಕೈಯಿಂದ ಕೈಗೆ ದಾಟಿಸಿ, ನಡುವೆ ಒಬ್ಬಳಿಗೆ ಕೈಕಟ್ಟಲು ಹೇಳಿದರು. ಚೆಂಡು ನಿಂತಿತು. "ಕರೆಂಟ್ ಹೋಗೂದಂದ್ರ ಹಿಂಗ ನೋಡ್ರಿ," ಎಂದರು. ಪಾಠ ಮುಗಿಯಿತು.

ಈ ಜೂನ್‌ನಲ್ಲಿ ಗಣಿತದ ಶಿಕ್ಷಕರಿಗೆ ತಡಸದ ಕಡೆ ವರ್ಗವಾಯಿತು. ಎಂಟು, ಒಂಬತ್ತರ ಗಣಿತವನ್ನು ಹೇಗೋ ಹಂಚಿದೆ, ಹತ್ತನೆಯ ತರಗತಿಯದು ಅನಾಥವಾಯಿತು. ಚಿಂತೆಯಲ್ಲಿ ಕೂತಾಗ ಫಕ್ಕನೆ ನೆನಪಾಯಿತು: ಹಿಂದೊಮ್ಮೆ ಶಿಗ್ಗಾಂವಿಯ ತರಬೇತಿಯಲ್ಲಿ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನುತ್ತ ನಮ್ಮ ಹಿಂದಿ ಶಿಕ್ಷಕಿ ಮೆಹರುನ್ನೀಸಾ ಮೇಡಂ ಪಿಯುಸಿಯಲ್ಲಿ ತಾವು ಗಣಿತಕ್ಕೆ ಇಡೀ ಕಾಲೇಜಿಗೇ ಮೊದಲು ಬಂದಿದ್ದಾಗಿ ಹೇಳಿದ್ದರು! ನೆಟ್ಟಗೆ ಹತ್ತನೆಯ ತರಗತಿಗೆ ಹೋಗಿ, ನಿಮಗೆ ಕಾಲೇಜಿಗೇ ಮೊದಲು ಬಂದ ಮೇಡಂ ಗಣಿತ ಕಲಿಸುತ್ತಾರೆಂದು ಸಾರಿಬಿಟ್ಟೆ. ಆಮೇಲೆ ಅವರನ್ನು ಕರೆಸಿದೆ.

ಸವಣೂರಿನಿಂದ ಬಸ್ಸಿನಲ್ಲಿ ಬಂದು ಇನ್ನೂ ಚೀಲ ಇಳಿಸಿರಲಿಲ್ಲ ಅವರು. "ನಾನು ಹಂಗ ಹೇಳಿದ್ನೇನ್ರಿ ಸರ್?" ಎಂದರು.

"ಮಿರ್ಚಿ ಭಾಳ ಖಾರ ಇದ್ದದ್ದು ಸೈತ ನೆನಪೈತ್ರಿ ನನಗ," ಎಂದೆ.

ಇಂಥ ಪುರಾವೆಯ ಎದುರು ಅವರು ಗಣಿತದ ಪುಸ್ತಕ ಎತ್ತಿಕೊಂಡರು. ಅವರ ಹಿಂದಿಯನ್ನು ನಾನು ಎತ್ತಿಕೊಂಡೆ. ನನ್ನ ಹಿಂದಿ ಕೇಳಿದರೆ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಕೂಡ ಕನಿಕರದಿಂದ ಕನ್ನಡಕ್ಕೆ ತಿರುಗುತ್ತಾನೆ.

ಮಕ್ಕಳು ಗಣಿತದಲ್ಲಿ ಮುಗ್ಗರಿಸಿದರೆ ಹೊಣೆ ನನ್ನದು. ಆ ಅಂಜಿಕೆಯಿಂದ ದಿನವೂ ಹತ್ತನೆಯ ತರಗತಿಯ ಹೊರಗೆ ನಿಂತು ಕಿವಿಗೊಡುತ್ತಿದ್ದೆ. ಮೇಡಂ ಗಣಿತವನ್ನು ಹಿಂದಿಯಂತೆಯೇ ಕಲಿಸುತ್ತಿದ್ದರು. ಯಾವ ಲೆಕ್ಕವನ್ನೂ ಬಿಡಿಸುವ ಮುಂಚೆ ಅನುವಾದ ಮಾಡಬೇಕು, ಪುಸ್ತಕದ ಮಾತಿನಿಂದ ಮನೆಯ ಮಾತಿಗೆ. "ಲೆಕ್ಕ ಏನ್ ಹೇಳಾಕತ್ತೈತಿ, ಅದನ್ನ ಮೊದ್ಲ ಹೇಳು. ಉತ್ತರ ಆಮ್ಯಾಲೆ," ಎನ್ನುತ್ತಿದ್ದರು. ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು ಎಂಬ ಆ ಹಳೆಯ ಲೆಕ್ಕ ಬಂದ ದಿನ ಹುಡುಗಿಯೊಬ್ಬಳು ಎದ್ದು, "ಆದ್ರ ಮಗ ಒಂದು ವರ್ಷ ಬೆಳದ್ರ ಅಪ್ಪನೂ ಒಂದ ವರ್ಷ ಬೆಳೀತಾನ್ರಿ ಮೇಡಂ, ಮೂರಲ್ಲ," ಎಂದಳು. ಹೊರಗೆ ನಿಂತ ನಾನು ಕಿಟಕಿಗೆ ಇನ್ನಷ್ಟು ಹತ್ತಿರ ಸರಿದೆ. ನಾನು ಹೈಸ್ಕೂಲಿನಲ್ಲಿ ಓದುವಾಗ ಆ ಲೆಕ್ಕದ ಅಪ್ಪ, ಮಗ ಮನುಷ್ಯರೆಂದೇ ತಿಳಿದಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಥ ಲೆಕ್ಕದ ಜಾಗವನ್ನು ಯಾರೂ ಖಾಲಿ ಬಿಟ್ಟಿರಲಿಲ್ಲ. ಉತ್ತರ ತಪ್ಪಿದವರು ಬಹಳ ಮಂದಿ. ಆದರೂ ಖಾಲಿ ಬಿಟ್ಟಿರಲಿಲ್ಲ! ಸಂಶಯದ ಪ್ರಾಣಿಯಾದ ನಾನು ಸ್ಟಾಫ್ ರೂಮಿನಲ್ಲಿ ಆ ಉತ್ತರ ಪತ್ರಿಕೆಗಳನ್ನು ಹಿಡಿದು ಕುಣಿಯುವುದೊಂದು ಬಾಕಿ.

ಹೋದ ವಾರ ಹಿರೇಕೆರೂರಿನಲ್ಲಿ ಇನ್ನೊಂದು ತರಬೇತಿ. ಅಲ್ಲಿಯ ಶಾಲೆಯೊಂದರ ಹಿಂದಿ ಶಿಕ್ಷಕಿ ಚಹಾದ ಹೊತ್ತಿಗೆ ನನ್ನತ್ತ ಮಿರ್ಚಿಯ ತಾಟು ಚಾಚಿ, "ಪಿಯುಸಿಯೊಳಗ ಗಣಿತಕ್ಕ ಫಸ್ಟ್ ಬಂದು ಈಗ ಹಿಂದಿ ಕಲಸಾಕತ್ತೇನಿ ಅಂದಾಗ ಎಷ್ಟ್ ನಕ್ಕಿದ್ರಿ ಸರ್, ಶಿಗ್ಗಾಂವ್ಯಾಗ," ಎಂದರು.

ಎತ್ತಿಕೊಂಡ ಮಿರ್ಚಿಯನ್ನು ತಾಟಿಗೇ ಮರಳಿ ಇಟ್ಟೆ. ಖಾರ ನೆನಪಿಟ್ಟಿದ್ದ ನಾನು ಮುಖವನ್ನೇ ಅದಲುಬದಲು ಮಾಡಿದ್ದೆ.

ಮರುದಿನ ಬೆಳಿಗ್ಗೆ ಮೆಹರುನ್ನೀಸಾ ಮೇಡಂಗೆ ಎಲ್ಲ ಹೇಳಿದೆ. ಗಣಿತಕ್ಕೆ ಅತಿಥಿ ಶಿಕ್ಷಕರೊಬ್ಬರು ಸಿಗುವಂತಿದ್ದಾರೆ, ನೀವು ಹಿಂದಿಗೆ ಮರಳಬಹುದು ಎಂದೂ ಹೇಳಿದೆ.

"ನಾನು ಅಲ್ಲ ಅನ್ನೂದು ನನಗ ಗೊತ್ತಿತ್ರಿ ಸರ್," ಎಂದರು ಅವರು. "ಪಿಯುಸಿಯೊಳಗ ನನಗ ಗಣಿತನ ಇರ್ಲಿಲ್ಲ."

ಮತ್ತೆ ಅಂದೇ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ನಿನಗ ಗಣಿತ ಬರೂದಿಲ್ಲ ಅಂತ ಸಣ್ಣಾಕಿ ಇದ್ದಾಗಿಂದ ಎಲ್ಲಾರೂ ಹೇಳ್ಯಾರ. ಬರ್ತೈತಿ ಅಂದವ್ರು ನೀವೊಬ್ರ. ಸುಳ್ಳು ಮಾಡಾಕ ಮನಸ್ಸಾಗ್ಲಿಲ್ರಿ." ಚೀಲ ಹೆಗಲಿಗೇರಿಸಿದರು. "ಹೊಸಬ್ರಿಗೆ ಎಂಟು, ಒಂಬತ್ತು ಕೊಡ್ರಿ. ಹತ್ತನೇದ್ದು ಪರೀಕ್ಷಾ ಮುಗಿಯೂತನಕ ನನ್ನ ಕಡೆ ಇರ್ಲಿ. ಹಿಂದಿ ಅಷ್ಟ ನಿಮ್ಮ ಕಡೆಯಿಂದ ವಾಪಸ್ ತಗೋತೇನ್ರಿ. ಹುಡುಗ್ರ ಪರಿಸ್ಥಿತಿ ಚಲೋ ಇಲ್ಲ."

ಖಾಲಿ ಹುದ್ದೆಗಳನ್ನು ಹಾಗೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಗಣಿತದವರನ್ನು ಕಳಿಸಿರೆಂದು ಮೇಲಿನವರಿಗೆ ಬರೆಯುತ್ತಲೇ ಇದ್ದೇನೆ, ಬರೆಯುತ್ತಲೇ ಇರುತ್ತೇನೆ. ಆದರೆ ಬರುವ ವರ್ಷ ನಮ್ಮ ಇಂಗ್ಲಿಷ್ ಶಿಕ್ಷಕರು ನಿವೃತ್ತರಾಗುತ್ತಾರೆ. ನಿನ್ನೆಯಿಂದ ಯಾಕೋ, ಪಿ.ಟಿ. ಮಾಸ್ತರ್ ಬಸವರಾಜ ಕಾಲೇಜಿನ ದಿನಗಳಲ್ಲಿ ಇಂಗ್ಲಿಷ್ ಭಾಷಣಕ್ಕೆ ಬಹುಮಾನ ಪಡೆದಿದ್ದಾಗಿ ಹೇಳಿದ್ದು ನನಗೆ ಬಹಳ ಸ್ಪಷ್ಟವಾಗಿ ನೆನಪಾಗುತ್ತಿದೆ.