ಕಿವಿ ಮೇಸ್ತ್ರಿಗೆ ಕೇಳಿಸದ ಸದ್ದು

ಗೋದಾಮಿನಲ್ಲಿ ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಎಂಜಿನ್ ಶುರುಮಾಡಿಸಿ, ತಲೆ ಓರೆ ಮಾಡಿಕೊಂಡು ಒಂದು ಗಳಿಗೆ ನಿಂತರೆ ಸಾಕು, ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ಆಮೇಲಿನ ಮಾತು. ಮೀಸೆ ಮೂಡಿದಾಗಿನಿಂದ ತಲೆ ನರೆಯುವವರೆಗೆ ಅದೇ ತಗಡಿನ ಶೆಡ್ಡು, ಅದೇ ಡೀಸೆಲ್ ಗಾಡಿಗಳ ಅಬ್ಬರ. ಕಿವಿಗೆ ಏನಾದರೂ ಹಾಕಿಕೊಳ್ಳಿ ಎಂದು ಯಾರಾದರೂ ಅಂದರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಡಾಕ್ಟರು ರೋಗಿಯನ್ನು ನೋಡುತ್ತಾರೇನು ಎಂದು ನಗುತ್ತಿದ್ದ.

ಆ ಸಲ ಕೈಕೊಟ್ಟದ್ದು ಪೆಟ್ಟಿಗೆಗಳನ್ನು ಎತ್ತಿ ಸಾಗಿಸುವ ದೊಡ್ಡ ಫೋರ್ಕ್‌ಲಿಫ್ಟ್. ಖಾಲಿ ಓಡುವಾಗ ಕುದುರೆಯಂತಿರುತ್ತಿತ್ತು. ಹೊರೆ ಹೊತ್ತು ಏರು ಹತ್ತುವಾಗ ಮಾತ್ರ ಏದುಸಿರು ಬಿಟ್ಟು, ಕಪ್ಪು ಹೊಗೆ ಕಾರಿ, ಅರ್ಧಕ್ಕೇ ಸೋತುಬಿಡುತ್ತಿತ್ತು. ಮೇಸ್ತ್ರಿ ಡೀಸೆಲ್ ಫಿಲ್ಟರ್ ಬದಲಿಸಿದ, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದ, ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ಎಲ್ಲ ಸರಿಯಿತ್ತು, ಗಾಡಿ ಸರಿಹೋಗಲಿಲ್ಲ.

ಅದನ್ನು ಓಡಿಸುತ್ತಿದ್ದವಳು ಹೆಚ್ಚು ಮಾತಾಡದ ಹೆಂಗಸು. ಮೇಸ್ತ್ರಿಯನ್ನು ಅಣ್ಣಾ ಎನ್ನುತ್ತಿದ್ದಳು. ಹೊರೆ ಬಿದ್ದಾಗ ಎಲ್ಲೋ ಉಸ್ಸೆಂದು ಸದ್ದಾಗುತ್ತದೆ ಎಂದು ಮತ್ತೆ ಮತ್ತೆ ಹೇಳಿದಳು. ಮೇಸ್ತ್ರಿ ಬಾಗಿ ಆಲಿಸಿದ. ಎಂಜಿನ್ನಿನ ಗುಡುಗು ಬಿಟ್ಟರೆ ಬೇರೇನೂ ಇಲ್ಲ. ನನಗೆ ಕೇಳಿಸದ್ದು ಇವಳಿಗೆ ಕೇಳಿಸುತ್ತದೆಯೇ ಎಂದು ಸಿಟ್ಟು ನೆತ್ತಿಗೇರಿತು. ಮ್ಯಾನೇಜರ್ ವಿಚಾರಿಸಿದಾಗ, ದೋಷ ಗಾಡಿಯದಲ್ಲ, ಪೆಡಲ್ ತುಳಿಯುವವಳ ಕಾಲು ಸರಿಯಿಲ್ಲ ಎಂದುಬಿಟ್ಟ. ಮರುದಿನವೇ ಅವಳನ್ನು ಗಾಡಿಯಿಂದ ಇಳಿಸಿ, ಪೆಟ್ಟಿಗೆಗಳಿಗೆ ಪಟ್ಟಿ ಬಿಗಿಯುವ ಕೆಲಸಕ್ಕೆ ಹಾಕಿದರು. ಅವಳು ಜಗಳವಾಡಲಿಲ್ಲ. ಎದುರಾದಾಗ ಮುಖ ತಿರುಗಿಸಿಕೊಂಡು ಹೋದಳು. ಅದು ಅವನಿಗೆ ಚಪ್ಪಲಿಯೊಳಗೆ ಹೊಕ್ಕ ಕಲ್ಲಿನಂತೆ ಚುಚ್ಚುತ್ತಲೇ ಇತ್ತು.

ಅವಳ ಜಾಗಕ್ಕೆ ಬಂದ ಚಾಲಕ ಒಂದು ಮಧ್ಯಾಹ್ನ ತುಂಬಿದ ಗಾಡಿಯನ್ನು ಏರು ಹತ್ತಿಸುತ್ತಿದ್ದ. ನಡುವೆಯೇ ಎಂಜಿನ್ ಸತ್ತು, ಗಾಡಿ ಹಿಂದಕ್ಕೆ ಜಾರಿತು. ಹಿಂದೆ ಬರುತ್ತಿದ್ದ ಕೂಲಿಯವನು ಗೋಡೆಗೆ ಅಂಟಿಕೊಂಡು ಬದುಕಿಕೊಂಡ. ಪೆಟ್ಟಿಗೆಗಳು ಉರುಳಿ ಒಡೆದವು. ಚಾಲಕ ಬಿಳಿಚಿಕೊಂಡು ಕೆಳಗಿಳಿದು, ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿಯ ಕಡೆ ತಿರುಗಿದ.

"ಹತ್ತುವಾಗ ಉಸ್ ಅಂತ ಗಾಳಿ ಸೋರ್ತಿತ್ತು ಮೇಸ್ತ್ರಿ. ಅಷ್ಟು ಜೋರಾಗಿತ್ತಲ್ಲ, ನಿಮಗೆ ಕೇಳಿಸ್ಲಿಲ್ವಾ?"

ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಮೇಸ್ತ್ರಿಗೆ ಮನೆಯ ಕುಕ್ಕರ್ ನೆನಪಾಯಿತು. ಅದು ಸೀಟಿ ಹೊಡೆಯುತ್ತಿಲ್ಲವೆಂದು ಈಚೆಗೆ ತಾನೇ ಹೊಸ ಸೀಟಿ ತಂದು ಹಾಕಿದ್ದ, ಅದೂ ಕೆಟ್ಟದ್ದೆಂದು ಅಂಗಡಿಯವನನ್ನು ಬೈದಿದ್ದ. ಕೆಟ್ಟದ್ದು ಸೀಟಿಯಲ್ಲ.

ಅವನು ಎಂಜಿನ್ ಪಕ್ಕ ಮೊಣಕಾಲೂರಿ ಕುಳಿತ. ಹೊಗೆ ಕಪ್ಪಗಿದೆ ಎಂದರೆ ಡೀಸೆಲ್ ಪೂರ್ತಿ ಉರಿಯಲು ಗಾಳಿ ಸಾಲುತ್ತಿಲ್ಲ. ಗಾಳಿ ಒತ್ತಿ ತಳ್ಳುವ ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯನ್ನು ಉದ್ದಕ್ಕೂ ತಡವಿದ. ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಬೆರಳಿಗೆ ಒಂದು ಸೀಳು ಸಿಕ್ಕಿತು. ಸುಮ್ಮನಿದ್ದಾಗ ಮುಚ್ಚಿಕೊಂಡಿರುತ್ತಿತ್ತು, ಒತ್ತಡ ಏರಿದಾಗ ಬಾಯಿ ಬಿಡುತ್ತಿತ್ತು. ಹೊಸ ಕೊಳವೆ ಹಾಕಿದ ಮೇಲೆ ಗಾಡಿ ಹೊರೆ ಸಮೇತ ಸರಾಗವಾಗಿ ಏರು ಹತ್ತಿತು.

ಮ್ಯಾನೇಜರಿಗೆ ಕೊಳವೆಯ ಸಂಗತಿಯನ್ನೂ ಕಿವಿಯ ಸಂಗತಿಯನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ, ಅವನು ನೇರವಾಗಿ ಪೆಟ್ಟಿಗೆಗಳ ಹತ್ತಿರ ಹೋದ.

"ತಪ್ಪು ನಿಂದಲ್ಲಮ್ಮ. ನನ್ನ ಕಿವೀದು."

ಅವಳು ಪಟ್ಟಿ ಎಳೆಯುತ್ತಲೇ ಮೆಲ್ಲಗೆ ಏನೋ ಅಂದಳು. ಅವನು ಇನ್ನೊಮ್ಮೆ ಹೇಳೆಂದು ಬೇಡಿಕೊಳ್ಳಬೇಕಾಯಿತು. ಆಗ ಅವಳು ಮುಖ ನೋಡಿ, ಬಿಡಿಸಿ ಬಿಡಿಸಿ ಹೇಳಿದಳು.

"ಕಿವೀದಲ್ಲ. ಕೇಳಿಸ್ತಿಲ್ಲ ಅಂದಿದ್ರೆ ಸಾಕಿತ್ತು. ನೀವು ನನ್ನ ಕಾಲು ಸರಿಯಿಲ್ಲ ಅಂದ್ರಿ."

ಅವಳಿಗೆ ಗಾಡಿ ಮರಳಿ ಸಿಕ್ಕಿತು. ಅಲ್ಲಿಂದ ಮುಂದೆ ಅವಳು ಅವನನ್ನು ಅಣ್ಣಾ ಎನ್ನಲಿಲ್ಲ, ಮೇಸ್ತ್ರಿ ಎಂದೇ ಕರೆದಳು. ಎಂಜಿನ್ ಕೆಲಸ ಬೇರೊಬ್ಬನ ಪಾಲಾಗಿ, ಅವನಿಗೆ ಟೈರು, ಚೈನು, ಗ್ರೀಸು ಉಳಿದವು. ಹೋದ ಕಿವಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು.

ಅದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಒಲೆ ಆರಿಸಿ ಬಂದು ಕುಳಿತಳು.

"ನನ್ನ ಮಾತು ನಿಮಗೆ ಬೇಡವಾಗಿದೆ ಅಂದ್ಕೊಂಡಿದ್ದೆ. ಅದಕ್ಕೇ ನಾನೂ ಮಾತು ಬಿಟ್ಟೆ," ಎಂದಳು.

ಮೇಸ್ತ್ರಿ ಕುರ್ಚಿಯನ್ನು ಅವಳ ಎದುರಿಗೆ ಎಳೆದುಕೊಂಡು ಕುಳಿತ. ಅಷ್ಟು ದಿನ ಆಡದ ಮಾತನ್ನೆಲ್ಲ ಬಿಡಿಸಿ ಬಿಡಿಸಿ ಹೇಳೆಂದ.