ದರಗು ಕದ್ದ ಸರೋಜಕ್ಕ

ಬೆಳಿಗ್ಗೆ ಹಾಲು ಕರೆದೆ, ಕೊಟ್ಟಿಗೆ ಬಳಿದೆ, ಕಡುಬಿಗೆ ಅಕ್ಕಿತರಿ ಬೀಸಿಟ್ಟೆ, ಹಳೆಯ ಹೆಡಿಗೆಬುಟ್ಟಿಯ ಹರಿದ ಅಂಚು ಕಟ್ಟಿದೆ. ಮಧ್ಯಾಹ್ನ ಪೊರಕೆ ಹಿಡಿದು ಮನೆಹಿಂದಿನ ಬೆಟ್ಟ ಹತ್ತುವಾಗ ಸೀತೂರಿನ ಕಡೆಯ ಗಾಳಿಯಲ್ಲಿ ಸುಟ್ಟೆಲೆಯ ವಾಸನೆ. ಶಿವರಾತ್ರಿ ಇನ್ನೂ ಎಷ್ಟೋ ದೂರ. ಮೊದಲೆಲ್ಲ ಬೆಂಕಿ ಇಷ್ಟು ಬೇಗ ಬರುತ್ತಿರಲಿಲ್ಲ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕಾಡುಬೆಂಕಿಯೆಂದರೆ ಬೇಸಿಗೆಗೊಮ್ಮೆ ಬರುವ ನೆಂಟ. ತೆವಳಿಕೊಂಡು ಬರುತ್ತಿತ್ತು, ಹಸಿಸೊಪ್ಪಿನ ಕೊಂಬೆಯಲ್ಲಿ ಬಡಿದರೆ ಮಲಗುತ್ತಿತ್ತು. ಗಾಡಿದಾರಿಗೆ ಬಂದರಂತೂ ತಾನಾಗಿಯೇ ನಿಲ್ಲುತ್ತಿತ್ತು. ನಾವು ಈಚೆ ನಿಂತು ಕಾಫಿ ಕುಡಿಯುತ್ತಿದ್ದೆವು! ಆಗ ಊರವರೆಲ್ಲ ಬೆಟ್ಟದ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಬೆಂಕಿಯ ಸಾಧುತನಕ್ಕೂ ಅದಕ್ಕೂ ನಂಟಿದೆಯೆಂದು ಯಾರಿಗೆ ಹೊಳೆದಿತ್ತು, ನೀವೇ ಹೇಳಿ. ಬರುಬರುತ್ತ ದನ ಕಡಿಮೆಯಾದವು, ಗೊಬ್ಬರ ಲಾರಿಯಲ್ಲಿ ಬಂತು, ಪೊರಕೆ ಮೂಲೆ ಸೇರಿತು. ನಮ್ಮಲ್ಲಿ ಉಳಿದದ್ದು ಒಂದೇ ಹಸು.

ಪಕ್ಕದ ಮನೆಯ ಸರೋಜಕ್ಕ ಮಾತ್ರ ಬಿಡಲಿಲ್ಲ. ಅವಳಿಗೆ ಕೊಟ್ಟಿಗೆ ತುಂಬ ದನ. ಒಂದು ವರ್ಷ ತನ್ನ ಬೆಟ್ಟದ ದರಗು ಸಾಲದೆ, ನಮ್ಮ ಹುಲ್ಲುಬಣವೆಯ ಹಿಂದಿನ ಇಳಿಜಾರನ್ನೂ, ಒಂದು ಮಾತು ಕೇಳದೆ, ಅಂಗಳದಂತೆ ಗುಡಿಸಿ ಒಯ್ದಳು. ನನಗೆ ಬೇಡದ ಎಲೆ, ಆದರೂ ಸಿಟ್ಟು. ಪಾತ್ರೆ ತಿಕ್ಕುತ್ತ ಜಗಳದ ಮಾತು ಜೋಡಿಸುತ್ತಿದ್ದಾಗಲೇ ಬೆಟ್ಟದ ನೆತ್ತಿಯಲ್ಲಿ ಹೊಗೆ ಎದ್ದಿತು.

"ಗಾಡಿದಾರಿ ದಾಟಲ್ಲ ಮಾರಾಯ್ತಿ. ನೀನು ಕಾಫಿಗೆ ನೀರಿಡು," ಎಂದರು ನಮ್ಮನೆಯವರು.

ದಾಟಿತು. ಯಾರೂ ಗುಡಿಸದ ದಾರಿಯಲ್ಲಿ ಮೊಣಕಾಲುದ್ದ ದರಗು ಬಿದ್ದಿತ್ತು. ಈಚೆಯ ಲಂಟಾನದ ಪೊದೆ ಹಿಡಿದದ್ದೇ ಬೆಂಕಿ ಮರದೆತ್ತರಕ್ಕೆ ನೆಗೆಯಿತು. ಅಂಥದ್ದನ್ನು ನಾನು ಕಂಡಿರಲಿಲ್ಲ. ಸೊಪ್ಪಿನ ಕೊಂಬೆ ಹಿಡಿದು ಹೋದ ಇವರು ಕಾವಿಗೆ ಮುಖ ಕೊಡಲಾರದೆ ಹಿಂದೆ ಬಂದರು. ಬಣವೆ ಸುಟ್ಟರೆ ಮಳೆಗಾಲದಲ್ಲಿ ಗಬ್ಬದ ಹಸುವಿಗೆ ಹಾಕುವುದೇನು? ಬಣವೆಗೆ ತಾಗಿಯೇ ಕೊಟ್ಟಿಗೆ. ಓಡಿಹೋಗಿ ಹಸುವಿನ ಹಗ್ಗ ಬಿಚ್ಚಿದೆ.

ಅಷ್ಟರಲ್ಲಿ ಬೆಂಕಿ ಆ ಗುಡಿಸಿದ ಇಳಿಜಾರಿಗೆ ಬಂತು. ತಿನ್ನಲು ಏನೂ ಸಿಗದೆ ಕುಗ್ಗಿತು. ಹಳೆಯ ಕಾಲದ ಬೆಂಕಿಯಂತೆ ತೆವಳತೊಡಗಿತು. ಸರೋಜಕ್ಕನೂ ಸೆರಗು ಕಟ್ಟಿಕೊಂಡು ಓಡಿಬಂದಳು. ಮೂವರೂ ಸೇರಿ ಬಡಿದು ಮಲಗಿಸಿದೆವು.

"ಹಿಂಗಾಗ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ ಸರೋಜಕ್ಕ?" ಮಸಿ ಮುಖದಲ್ಲೇ ಇವರು ಕೇಳಿದರು.

"ನಂಗೆಂತ ಗೊತ್ತು? ದನಕ್ಕೆ ಹಾಸಕ್ಕೆ ಅಂತ ಕದ್ದಿದ್ದು! ನಿಮ್ಮ ಹೆಂಡ್ತಿ ಆವತ್ತಿಂದ ಮುಖ ಊದಿಸ್ಕೊಂಡಿದಾಳೆ. ಬಯ್ಯೋದಿದ್ರೆ ಈಗ್ಲೇ ಬಯ್ದು ಮುಗಿಸ್ಲಿ."

ನಾನು ಹಸುವನ್ನು ಮತ್ತೆ ಕೊಟ್ಟಿಗೆಯಲ್ಲಿ ಕಟ್ಟಿದೆ. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ಅಂದಿನಿಂದ ಆ ಇಳಿಜಾರನ್ನೂ ಗಾಡಿದಾರಿಯನ್ನೂ ಇಬ್ಬರೂ ಸೇರಿಯೇ ಗುಡಿಸುತ್ತೇವೆ. ಇವತ್ತು ಹೊಗೆಯ ವಾಸನೆಗೆ ಹೆದರಿ ದಾರಿಯನ್ನು ಇನ್ನಷ್ಟು ಅಗಲ ಮಾಡಿದೆವು. ಸಂಜೆ ಹೊತ್ತಿಗೆ ವಾಸನೆ ಕರಗಿತು. ದರಗು ಹಂಚುವಾಗ ಸರೋಜಕ್ಕ ಒಂದು ಹೆಡಿಗೆ ಹೆಚ್ಚೇ ತುಂಬಿಕೊಂಡಳು. ನಾನು ಬೇರೆ ಕಡೆ ನೋಡಿದೆ.

ರಾತ್ರಿ ಕಡುಬು, ಎಳೆ ಹಲಸಿನಕಾಯಿ ಸಾರು. ಎಲ್ಲರಿಗಿಂತ ಮೊದಲು ಮಲಗಿದ್ದು ಹಸು, ಹೊಸ ದರಗಿನ ಮೇಲೆ ಸರಪರ ಸದ್ದು ಮಾಡುತ್ತ. ಆಮೇಲೆ ಇವರು.